ಒಂದೇ ತೊಲೆಯ ಎರಡು ಕೊಂಡಿ

ಅಂಗನವಾಡಿ ಟೀಚರ್ ಗಿರಿಜಮ್ಮ ಮಗುವಿನ ತೂಕ ನೋಡಲೆಂದು ತಕ್ಕಡಿಯನ್ನು ತೊಟ್ಟಿಲಿನ ಪಕ್ಕದ ಕೊಂಡಿಗೆ ನೇತುಹಾಕಿದರು.

"ನನ್ನನ್ನು ಸರ್ಕಾರ ಕಳಿಸಿದೆ. ನೀನು ಯಾರ ಮನೆಯದು?" ಎಂದಿತು ತಕ್ಕಡಿ.

"ಯಾರೊಬ್ಬರದೂ ಅಲ್ಲ. ಮಗು ಹುಟ್ಟಿದ ಮನೆಗೆ ಹೋಗುತ್ತೇನೆ. ಇದು ಹನ್ನೊಂದನೆಯ ಮನೆ," ಎಂದಿತು ತೊಟ್ಟಿಲು.

ತಕ್ಕಡಿಯಲ್ಲಿ ಕೂರಿಸಿದ್ದೇ ತಡ, ಮಗು ಕಿರುಚಿ ಒದ್ದಾಡಿತು. ಮುಳ್ಳು ನಿಲ್ಲಲೇ ಇಲ್ಲ. ತೊಟ್ಟಿಲು ತನ್ನ ಹಳೇ ಸೀರೆಯ ಹಾಸನ್ನು ಕೊಟ್ಟಿತು. ಅದರ ಮೇಲೆ ಕೂತ ಮಗು ಸುಮ್ಮನಾಯಿತು, ಮುಳ್ಳು ನಿಂತಿತು.

"ಇರಬೇಕಾದ್ದಕ್ಕಿಂತ ಒಂದು ಕಿಲೋ ಕಡಿಮೆ," ತಕ್ಕಡಿಯ ದನಿ ಇಳಿಯಿತು. "ಹಾಲು, ಮೊಟ್ಟೆ ಸರ್ಕಾರ ಕೊಡುತ್ತದೆ. ತಾಯಿ ಕೂಲಿಗೆ ಹೋದಾಗ ಕೂತು ಉಣಿಸುವವರು ಯಾರು?"

"ನಾನಿದ್ದು ಬಂದ ಹತ್ತು ಮನೆಯವರು."

ಆ ಮನೆಯವರು ಸರದಿಯಂತೆ ಬಂದು ಉಣಿಸಿದರು. ಮೂರು ತಿಂಗಳಿಗೆ ಮುಳ್ಳು ಬೇಕಾದಲ್ಲಿಗೇ ಬಂದು ನಿಂತಿತು.

"ಅಜ್ಜಿ, ಮುಂದೆ ಯಾವ ಮನೆಗೆ ಹೋಗುತ್ತೀರಿ?" ತಕ್ಕಡಿ ತೊಟ್ಟಿಲನ್ನು ಕೇಳಿತು. "ನಿಮ್ಮ ಪಕ್ಕದಲ್ಲಿ ನನಗೂ ಒಂದು ಕೊಂಡಿ ಹೊಡೆಸಿಡಿ."