ತಮಟೆ ನಿಂತ ಮೇಲಿನ ಮಾತು

“ಬುದ್ಧಿ, ಕೇಡು ಮಾಡುತ್ತದೆ ಎಂದು ಗೊತ್ತಾದ ಮೇಲೂ ಮಗುವಿಗೆ ಮದ್ದು ಕುಡಿಸುವುದು ತಪ್ಪಲ್ಲವೇ?”

ಕೇಳಿದವನು ಕೊಟ್ರಯ್ಯ. ಓದುಬರಹ ಕಲಿತು, ಮಠಕ್ಕೆ ಬಂದು ಶಿಷ್ಯನಾಗಿ ನಿಂತವನು. ಕೇಳಿದ್ದು ಮಠದ ಗುರುಗಳಾದ ಅಜ್ಜಯ್ಯನವರನ್ನು. ಬೆಳಗಿನ ಪ್ರಸಾದ ಮುಗಿದಿತ್ತು. ಇಬ್ಬರೂ ಜಗಲಿಯ ಮೇಲೆ ಕುಳಿತಿದ್ದರು.

“ಯಾರ ಮಗು?” ಎಂದರು ಅಜ್ಜಯ್ಯನವರು.

“ಯಾರದೋ, ಬುದ್ಧಿ. ಭಕ್ತರೊಬ್ಬರು ಕೇಳಿದರು.”

ಅದು ಯಾರದೋ ಮಗುವಾಗಿರಲಿಲ್ಲ. ಕೊಟ್ರಯ್ಯನ ಸ್ವಂತ ಅಕ್ಕನ ಮಗ. ಹುಡುಗನಿಗೆ ಮೂರ್ಛೆರೋಗವಿತ್ತು. ಪೇಟೆಯ ಡಾಕ್ಟರು ಕೊಟ್ಟ ಮಾತ್ರೆ ನುಂಗತೊಡಗಿದ ಮೇಲೆ ಒಂದು ಸಲವೂ ಬಿದ್ದಿರಲಿಲ್ಲ. ಹೋದ ವಾರ ಕೊಟ್ರಯ್ಯ ಫೋನಿನಲ್ಲಿ ಒಂದು ವಿಡಿಯೋ ನೋಡಿದ. ಅದೇ ಮಾತ್ರೆಯ ಹೆಸರು ಹೇಳಿ, ಇದು ಮಕ್ಕಳ ಲಿವರನ್ನು ತಿಂದುಹಾಕುತ್ತದೆ ಎಂದು ಒಬ್ಬರು ಕೂಗಿ ಹೇಳುತ್ತಿದ್ದರು. ಕೊಟ್ರಯ್ಯ ಮುಂದಕ್ಕೆ ನೋಡಲಾರದೆ ಅದನ್ನು ಆರಿಸಿಬಿಟ್ಟ. ನಿಂತ ಕಾಲಲ್ಲೇ ಅಕ್ಕನಿಗೆ ಫೋನು ಮಾಡಿ, ಮಾತ್ರೆ ನಿಲ್ಲಿಸು ಎಂದ. ಮಠದಲ್ಲಿರುವ ತಮ್ಮ, ನಾಲ್ಕಕ್ಷರ ಬಲ್ಲ ತಮ್ಮ. ಅಕ್ಕ ಎದುರು ಮಾತಾಡದೆ ನಿಲ್ಲಿಸಿದಳು.

ಅಂದಿನಿಂದ ಕೊಟ್ರಯ್ಯನಿಗೆ ಫೋನು ಸದ್ದು ಮಾಡಿದರೆ ಎದೆ ಧಸಕ್ಕೆನ್ನುತ್ತಿತ್ತು. ಸದ್ದು ಮಾಡದಿದ್ದರೆ ಇನ್ನೂ ಹೆಚ್ಚು ಭಯವಾಗುತ್ತಿತ್ತು. ತಾನೇ ಅಕ್ಕನಿಗೆ ಫೋನು ಮಾಡಿ ಕೇಳಲು ಧೈರ್ಯವಿರಲಿಲ್ಲ. ನೀನು ಮಾಡಿದ್ದು ಸರಿ ಎಂದು ಗುರುಗಳ ಬಾಯಿಂದ ಒಂದು ಮಾತು ಬಿದ್ದರೆ ಸಾಕು ಎಂದು ಕಾದಿದ್ದ.

ಅಜ್ಜಯ್ಯನವರು ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಕತೆ ಹೇಳತೊಡಗಿದರು.

ಒಂದು ಪೇಟೆಯಲ್ಲಿ ಒಬ್ಬ ವ್ಯಾಪಾರಿಯಿದ್ದ. ಹುಣಸೆಹಣ್ಣಿನ ವ್ಯಾಪಾರ. ಬಲು ಘಾಟಿ ಆಸಾಮಿ. ಚೀಲದ ಮೇಲಿನ ಹಣ್ಣು ನೋಡಿ ಎಂದೂ ಬೆಲೆ ಕಟ್ಟಿದವನಲ್ಲ. ತೋಳಿನವರೆಗೆ ಕೈ ಇಳಿಸಿ, ತಳದ ಹಣ್ಣು ತೆಗೆದು, ಹಿಚುಕಿ, ಬೀಜ ಎಷ್ಟು, ನಾರು ಎಷ್ಟು ಎಂದು ನೋಡಿದ ಮೇಲೆಯೇ ಮಾತು. ಅವನಿಗೆ ಟೋಪಿ ಹಾಕಿದ ರೈತ ಆ ಸೀಮೆಯಲ್ಲೇ ಇರಲಿಲ್ಲ.

ಆ ಪೇಟೆಗೊಂದು ರೂಢಿಯಿತ್ತು. ಅಜ್ಜಂದಿರ ಕಾಲದಲ್ಲಿ ದರೋಡೆಕೋರರು ಕುದುರೆಯೇರಿ ಬಂದು ಸಂತೆಯನ್ನು ಸುಲಿಯುತ್ತಿದ್ದರಂತೆ. ಅವರು ಬರುವ ಸುಳಿವು ಸಿಕ್ಕರೆ ಕಾವಲಿನವನು ತಮಟೆ ಬಡಿಯುತ್ತಿದ್ದ. ತಮಟೆ ಕೇಳಿದ್ದೇ ತಡ, ಅಂಗಡಿಯವರೆಲ್ಲ ಬಾಗಿಲಿಗೆ ಹಲಗೆ ಹಾಕಿ ಒಳಗೆ ಸೇರುತ್ತಿದ್ದರು. ದರೋಡೆಕೋರರು ಹೋದರು, ಅವರ ಕುದುರೆಗಳೂ ಹೋದವು, ರೂಢಿ ಮಾತ್ರ ಉಳಿಯಿತು. ಮೊಮ್ಮಕ್ಕಳ ಕಾಲಕ್ಕೂ ತಮಟೆಯ ಮೊದಲ ಪೆಟ್ಟಿಗೆ ಬೀದಿಯುದ್ದಕ್ಕೂ ಹಲಗೆಗಳು ದಡದಡ ಬೀಳುತ್ತಿದ್ದವು. ಯಾಕೆ ಎಂದು ಕೇಳಿದರೆ, ಹಿಂದಿನಿಂದ ಬಂದದ್ದು ಎನ್ನುತ್ತಿದ್ದರು.

ಒಂದು ವರ್ಷ ಮಳೆಗಾಲ ಕಳೆದ ಮೇಲೆ ಊರಿಗೆ ಚಳಿಜ್ವರ ಬಂತು. ದಿನ ಬಿಟ್ಟು ದಿನ ನಡುಗಿಸುವ ಜ್ವರ. ವ್ಯಾಪಾರಿಗೆ ಇದ್ದವಳು ಒಬ್ಬಳೇ ಮಗಳು. ಹರಕೆ ಹೊತ್ತು ಪಡೆದ ಮಗು. ಜ್ವರ ಅವಳಿಗೂ ಹಿಡಿಯಿತು. ವ್ಯಾಪಾರಿ ವೈದ್ಯನ ಹತ್ತಿರ ಓಡಿದ. ವೈದ್ಯ ಒಂದು ಕುಡಿಕೆ ಕಷಾಯ ಕೊಟ್ಟ.

“ಇದು ಜೋರು ಮದ್ದು. ಕೆಲವರಿಗೆ ಕಿವಿ ಗುಂಯ್‌ಗುಡುತ್ತೆ. ಎಲ್ಲೋ ಒಬ್ಬರಿಗೆ ಕಣ್ಣು ಮಂಜಾಗುತ್ತೆ. ಹಾಗೇನಾದರೂ ಕಂಡರೆ ನನ್ನ ಹತ್ತಿರ ಬಾ, ಅಳತೆ ಇಳಿಸಿ ಕೊಡ್ತೀನಿ. ಜ್ವರ ಬಿಟ್ಟಿತು ಅಂತ ನೀನಾಗೇ ನಿಲ್ಲಿಸಬೇಡ. ಕುಡಿಕೆ ಮುಗಿಯೋ ತನಕ ಕುಡಿಸು.”

ವ್ಯಾಪಾರಿ ಹೂಂ ಎಂದ. ಕಣ್ಣಿನ ಮಾತು ಆಗಲೂ ಅವನ ಕಿವಿಗೆ ಬಿದ್ದಿತ್ತು. ಆದರೆ ವೈದ್ಯ ಅದನ್ನು ಮೆಲ್ಲಗೆ ಹೇಳಿದ್ದರಿಂದ ಅವನಿಗೆ ಹೆದರಿಕೆಯಾಗಲಿಲ್ಲ. ಮಗಳು ಮುಖ ಕಿವುಚಿಕೊಂಡು ಕಷಾಯ ಕುಡಿದಳು. ಜ್ವರ ತಗ್ಗಿತು. ಮಗು ಗಂಜಿ ಬೇಡಿ ಉಂಡಿತು.

ಅಷ್ಟರಲ್ಲಿ ಸಂತೆಯ ದಿನ ಬಂತು. ಆ ಊರಿಗೆ ಸುತ್ತಲಿನ ಸುದ್ದಿಯನ್ನು ಹೊತ್ತು ತರುವವನು ಒಬ್ಬ ಡಂಗುರದವನು. ಅವನು ಅಂಗಡಿ ಬೀದಿಯ ನಡುವೆ ನಿಂತು ತಮಟೆ ಬಡಿದ.

“ಕೇಳಿರಪ್ಪೋ ಕೇಳಿ! ಜ್ವರದ ಕಷಾಯ ಕುಡಿದವರ ಕಣ್ಣಿಗೆ ಕತ್ತಲೆ! ಕಣ್ಣಿಗೆ ಕತ್ತಲೆ!”

ಕೂಗು ಮುಗಿಯುವಷ್ಟರಲ್ಲಿ ದಡದಡ ಹಲಗೆಗಳು ಬಿದ್ದವು. ವ್ಯಾಪಾರಿಯೂ ಹಾಕಿದ. ಕತ್ತಲಾದ ಅಂಗಡಿಯೊಳಗೆ ಹುಣಸೆ ಚೀಲಗಳ ನಡುವೆ ಕುಳಿತ. ಅವನ ಎದೆ ಹೊರಗಿನ ತಮಟೆಗಿಂತ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ವೈದ್ಯ ಹೇಳಿದ್ದ ಅದೇ ಮಾತು, ಈಗ ತಮಟೆಯ ಜೊತೆ ಬಂದಿತ್ತು. ಮಗಳ ಕಣ್ಣುಗಳು ಅವನಿಗೆ ನೆನಪಾದವು. ಬೀದಿಯಲ್ಲಿ ತಮಟೆ ನಿಂತಿತು. ಡಂಗುರದವನು ಮತ್ತೇನೋ ಹೇಳುತ್ತಿದ್ದ ಹಾಗಿತ್ತು. ದಪ್ಪ ಹಲಗೆ. ಒಳಗೆ ಕೇಳಿಸಲಿಲ್ಲ. ಕೇಳಿಸಿಕೊಳ್ಳುವ ಮನಸ್ಸೂ ಅವನಿಗಿರಲಿಲ್ಲ.

ಮುಂದಿನ ಸಂತೆಗೆ ಡಂಗುರದವನು ಮತ್ತೆ ಬಂದ.

“ಕೇಳಿರಪ್ಪೋ ಕೇಳಿ! ಹೋದ ವರ್ಷಕ್ಕಿಂತ ಈ ವರ್ಷ ಕಷಾಯದ ಕೇಡು ಇಮ್ಮಡಿ! ಇಮ್ಮಡಿ!”

ಹೆದರಿದವನ ಮೇಲೆ ಹಾವು ಎಸೆದಂತಾಯಿತು. ವ್ಯಾಪಾರಿ ಹಲಗೆ ಹಾಕಿ, ಹಿಂಬಾಗಿಲಿನಿಂದ ಮನೆಗೆ ಓಡಿದ. ಮಗಳು ಹಿತ್ತಲಲ್ಲಿ ಆಡುತ್ತಿದ್ದಳು. ಅವಳ ಮುಂದೆ ಬೆರಳು ಹಿಡಿದು, ಎಷ್ಟಿದೆ ಹೇಳು ಎಂದ. ಮಗು ಸರಿಯಾಗಿ ಹೇಳಿತು. ಇನ್ನೊಂದು ಸಲ ಕೇಳಿದ. ಆಗಲೂ ಸರಿಯಾಗಿ ಹೇಳಿತು. ಆದರೂ ಅವನ ಪುಕ್ಕಲು ಮನಸ್ಸಿಗೆ ಸಮಾಧಾನವಾಗಲಿಲ್ಲ. ಇವತ್ತು ಕಾಣುತ್ತದೆ, ನಾಳೆ?

ಮಗಳಿಗೆ ಮದ್ದು ಕುಡಿಸುವ ಕೆಲಸ ಅವನದೇ ಆಗಿತ್ತು. ಕುಡಿಕೆ ಹಿಡಿದು ಯೋಚಿಸಿದ. ಕುಡಿಸಿದರೆ ಕಣ್ಣು, ಬಿಟ್ಟರೆ ಜ್ವರ. ಬಿಸಿತುಪ್ಪದ ಹಾಗೆ ನುಂಗಲೂ ಆಗದು, ಉಗುಳಲೂ ಆಗದು. ಕೊನೆಗೆ ಅವನ ಮನಸ್ಸು ಒಂದು ಕಡೆ ವಾಲಿತು. ಜ್ವರ ಬಂದರೆ ಅದು ದೇವರು ಕೊಟ್ಟದ್ದು. ಕಣ್ಣು ಹೋದರೆ ಅದು ನಾನು ನನ್ನ ಕೈಯಾರೆ ಕೊಟ್ಟದ್ದು. ದೇವರು ಕೊಟ್ಟದ್ದಕ್ಕೆ ನನ್ನನ್ನು ಯಾರೂ ಬಯ್ಯುವುದಿಲ್ಲ.

ನೋಡು ಕೊಟ್ರಯ್ಯ, ಮಗಳ ಜೀವದ ಲೆಕ್ಕ ಹಾಕಲು ಕುಳಿತವನು ತನ್ನ ಮೇಲೆ ಬರುವ ಮಾತಿನ ಲೆಕ್ಕ ಹಾಕಿ ಎದ್ದ.

ಕಷಾಯವನ್ನು ಕರಿಬೇವಿನ ಗಿಡದ ಬುಡಕ್ಕೆ ಸುರಿದ. ಹೆಂಡತಿಗೆ ಹೇಳಲಿಲ್ಲ. ವೈದ್ಯನನ್ನು ಕೇಳಲಿಲ್ಲ. ವೈದ್ಯನ ಮನೆ ಅದೇ ಬೀದಿಯ ಕೊನೆಯಲ್ಲಿತ್ತು. ಮದ್ದಿನ ಬದಲು ಬೆಲ್ಲದ ನೀರು ಕಲಸಿ ಮಗಳಿಗೆ ಕುಡಿಸಿದ. ಮಗು ಬಾಯಿ ಚಪ್ಪರಿಸಿತು.

“ಅಪ್ಪಾ, ಇವತ್ತು ಕಹಿನೇ ಇಲ್ಲ!”

ಕೆಲವು ದಿನ ಏನೂ ಆಗಲಿಲ್ಲ. ಜ್ವರವಿಲ್ಲ, ಕಣ್ಣಿಗೂ ಕೇಡಿಲ್ಲ. ವ್ಯಾಪಾರಿ ಒಳಗೊಳಗೇ ಹಿಗ್ಗಿದ. ಎಂಥ ಗಂಡಾಂತರದಿಂದ ಪಾರು ಮಾಡಿದೆ ಎಂದು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ. ಪಕ್ಕದ ಅಂಗಡಿಯವನಿಗೂ ಗುಟ್ಟಾಗಿ ಬುದ್ಧಿ ಹೇಳಿದ.

ಇಲ್ಲಿ ಅಜ್ಜಯ್ಯನವರು ಒಂದು ಗುಟುಕು ನೀರು ಕುಡಿದರು. ಕೊಟ್ರಯ್ಯ ತೊಡೆಯ ಮೇಲಿದ್ದ ಫೋನನ್ನು ಮಗುಚಿ ಹಾಕಿದ. ಸ್ವಲ್ಪ ಹೊತ್ತಿಗೆ ಮತ್ತೆ ನೆಟ್ಟಗೆ ತಿರುಗಿಸಿ ನೋಡಿದ. ಅಕ್ಕನ ಮನೆಯಿಂದ ಏನೂ ಬಂದಿರಲಿಲ್ಲ. ಅಜ್ಜಯ್ಯನವರು ಅದನ್ನೆಲ್ಲ ಗಮನಿಸುತ್ತಲೇ ಕತೆ ಮುಂದುವರಿಸಿದರು.

ಮುಂದಿನ ಸಂತೆಯ ದಿನ ವ್ಯಾಪಾರಿ ಅಂಗಡಿ ತೆಗೆಯಲು ಹೊರಟಿದ್ದ. ಮಗಳು ಚಳಿ ಎಂದು ಬಂದು ಅವನ ಕಾಲನ್ನು ತಬ್ಬಿಕೊಂಡಳು. ನೋಡುತ್ತಿದ್ದಂತೆ ಮೈ ಕೆಂಡವಾಯಿತು. ಹಲ್ಲು ಕಟಕಟಿಸಿತು. ಹಿಂದಿನ ಜ್ವರ ಏನೂ ಅಲ್ಲ ಅನ್ನುವಂಥ ಜ್ವರ. ಮಗು ತಾಯಿಯನ್ನು ನೋಡಿ, ಇವರು ಯಾರು ಎಂದು ಕೇಳಿತು.

ತಾಯಿ ಕುಡಿಕೆ ಹುಡುಕಿದಳು. ಬರಿದಾಗಿತ್ತು.

“ತಪ್ಪದೆ ಕುಡಿಸಿದಿರಲ್ಲ, ಆದರೂ ಯಾಕೆ ಬಂತು?”

ವ್ಯಾಪಾರಿ ನಿಜ ಹೇಳಿದ. ನನ್ನ ಕೈಯಾರೆ ಹೇಗೆ ಕೇಡು ಮಾಡಲಿ ಎಂದು ಹೆದರಿದೆ ಎಂದ.

ಅವಳು ಅಳಲಿಲ್ಲ. “ಗಿಡಕ್ಕೆ ಸುರಿದದ್ದು ಯಾರ ಕೈ?” ಎಂದಳು.

ವ್ಯಾಪಾರಿ ಬರಿಗಾಲಲ್ಲೇ ಬೀದಿಗೆ ಬಿದ್ದ. ವೈದ್ಯನ ಮನೆಯ ಕಡೆಗೆ ಓಡಿದ. ಅರ್ಧ ದಾರಿಗೆ ತಮಟೆ ಬಡಿಯಿತು. ಎರಡೂ ಕಡೆ ಹಲಗೆಗಳು ದಡದಡ ಬಿದ್ದವು. ಅವನಿಗೂ ರೂಢಿ. ಕಾಲು ತಾನಾಗಿಯೇ ಆಸರೆ ಹುಡುಕಿತು. ಆದರೆ ಅವನ ಅಂಗಡಿ ಅಂದು ತೆರೆದಿರಲಿಲ್ಲ. ಬೇರೆಯವರ ಅಂಗಡಿಗಳು ಆಗಲೇ ಮುಚ್ಚಿದ್ದವು. ಸಂತೆಗೆ ಬಂದವರೂ ಒಳಗೆ ಸೇರಿದ್ದರು; ಬೀದಿಯಲ್ಲಿ ಉಳಿದವರು ಅವನೊಬ್ಬ, ಡಂಗುರದವನೊಬ್ಬ.

ಡಂಗುರದವನು ಕೂಗುವುದನ್ನು ಕೂಗಿ ಮುಗಿಸಿದ. ಆಮೇಲೆ ತಮಟೆಯನ್ನು ಹೆಗಲಿಗೆ ಏರಿಸಿ, ಬೆವರು ಒರೆಸಿಕೊಂಡು, ಮನೆಯಲ್ಲಿ ಮಾತಾಡುವ ದನಿಯಲ್ಲಿ ಉಳಿದದ್ದನ್ನು ಹೇಳತೊಡಗಿದ. ಎದುರಿಗೆ ಮುಚ್ಚಿದ ಹಲಗೆಗಳು. ಅವುಗಳಿಗೇ ಹೇಳುತ್ತಿದ್ದ.

“ಕಣ್ಣು ಮಂಜಾದವರು ಹೋದ ವರ್ಷ ಇಡೀ ಸೀಮೆಗೆ ಒಬ್ಬರು, ಈ ವರ್ಷ ಇಬ್ಬರು. ಮೂವರೂ ವೈದ್ಯರ ಹತ್ತಿರ ಹೋಗಿ ಅಳತೆ ಇಳಿಸಿಕೊಂಡರು. ಮೂವರಿಗೂ ಈಗ ಮೊದಲಿನಂತೆ ಕಾಣುತ್ತದೆ. ಕಷಾಯ ಪೂರಾ ಕುಡಿದವರು ಊರೂರಿಗೆ ನೂರಾರು ಮಂದಿ, ಗದ್ದೆಯಲ್ಲಿ ದುಡೀತಿದ್ದಾರೆ. ನಡುವೆ ನಿಲ್ಲಿಸಿದವರಿಗೆ ಜ್ವರ ಮರಳಿ ಬಂದಿದೆ. ಹೊಳೆಯಾಚೆ ಊರಿನಲ್ಲಿ ಹೆದರಿ ಕುಡಿಸದೆ ಬಿಟ್ಟರು. ಅಲ್ಲಿ ಹೆಣ ಹೂಳಲು ಗುಣಿ ತೋಡುವವರಿಗೆ ಬಿಡುವಿಲ್ಲ. ಅನುಮಾನ ಬಂದರೆ ವೈದ್ಯರನ್ನು ಕೇಳಿ, ನೀವಾಗೇ ನಿಲ್ಲಿಸಬೇಡಿ.”

ವ್ಯಾಪಾರಿ ಡಂಗುರದವನ ತೋಳು ಹಿಡಿದ.

“ಇದನ್ನು ಮೊದಲೇ ಯಾಕೆ ಹೇಳಲಿಲ್ಲ?”

ಡಂಗುರದವನಿಗೆ ಆಶ್ಚರ್ಯವಾಯಿತು. “ಪ್ರತಿ ಸಂತೇಲೂ ಹೇಳೀನಿ ಸಾವ್ಕಾರ್ರೇ. ನಿಮ್ಮ ಅಂಗಡಿ ಮುಂದೇನೇ ನಿಂತು ಹೇಳೀನಿ. ಹಲಗೆ ಹಾಕಿತ್ತು.”

“ತಮಟೆ ಬಡಿದು ಹೇಳಬೇಕಿತ್ತು!”

“ಇಂಥವನು ಮದ್ದು ಕುಡಿದ, ಚೆನ್ನಾಗಿದಾನೆ ಅಂತ ಯಾರಾದರೂ ತಮಟೆ ಬಡೀತಾರಾ? ಬಡಿದರೆ ನಿಂತು ಕೇಳೋರು ಯಾರು?”

ಡಂಗುರದವನು ಸುಳ್ಳು ಹೇಳಿರಲಿಲ್ಲ. ಇಮ್ಮಡಿ ಎಂದದ್ದೂ ನಿಜ, ಒಬ್ಬರಿಗೆ ಇಬ್ಬರಾದರೆ ಇಮ್ಮಡಿಯೇ. ಚೀಲದ ತಳಕ್ಕೆ ಕೈ ಇಳಿಸದೆ ಒಂದು ವೀಸೆ ಹುಣಸೆಹಣ್ಣನ್ನೂ ಕೊಳ್ಳದವನು, ಮಗಳ ಜೀವದ ಮಾತನ್ನು ಮೇಲಿನಿಂದ ಮುಟ್ಟಿ ನೋಡಿ ಕೊಂಡುಕೊಂಡಿದ್ದ.

ನಿಂತು ಅಳಲು ಹೊತ್ತಿರಲಿಲ್ಲ. ಅವನು ವೈದ್ಯನ ಮನೆಗೆ ಓಡಿದ. ಮುಚ್ಚುಮರೆಯಿಲ್ಲದೆ ಎಲ್ಲವನ್ನೂ ಹೇಳಿದ. ವೈದ್ಯ ಬಯ್ಯಲಿಲ್ಲ. ಬಯ್ಯುವುದಕ್ಕೂ ಹೊತ್ತಿಲ್ಲ ಎಂದು ಅವನ ಮುಖದಲ್ಲಿ ಕಂಡಿತು. ಹೊಸ ಕುಡಿಕೆ ತುಂಬಿ ಕೊಟ್ಟ. ನೀನು ಮುಂದೆ ನಡೆ, ನಾನು ಹಿಂದೆಯೇ ಬಂದೆ ಎಂದ. ವ್ಯಾಪಾರಿ ಕುಡಿಕೆಯನ್ನು ಎದೆಗೆ ಅವಚಿಕೊಂಡು ಮನೆಯ ಕಡೆ ಓಡಿದ. ಬೀದಿಯಲ್ಲಿ ಹಲಗೆಗಳು ಒಂದೊಂದಾಗಿ ತೆರೆಯುತ್ತಿದ್ದವು. ಡಂಗುರದವನು ಆಗಲೇ ಊರು ಬಿಟ್ಟಿದ್ದ. ವ್ಯಾಪಾರಿಗೆ ಯಾರೂ ಕಾಣಲಿಲ್ಲ. ತನ್ನ ಮನೆಯ ಬಾಗಿಲು ಮಾತ್ರ ಕಂಡಿತು. ಒಳಗಿನಿಂದ ಯಾವ ಸದ್ದೂ ಕೇಳಿಸುತ್ತಿರಲಿಲ್ಲ. ಅವನು ಹೊಸ್ತಿಲು ದಾಟಿದ.

ಅಜ್ಜಯ್ಯನವರು ಅಲ್ಲಿಗೆ ಕತೆ ನಿಲ್ಲಿಸಿದರು.

ಕೊಟ್ರಯ್ಯ ಕಾದ. ಅವರು ಮುಂದೆ ಹೇಳುವಂತೆ ಕಾಣಲಿಲ್ಲ. ಭಕ್ತರ ಮಗು, ಯಾರದೋ ಮಗು ಎಂಬುದೆಲ್ಲ ಅವನಿಗೆ ಮರೆತುಹೋಗಿತ್ತು.

“ಆಮೇಲೆ, ಬುದ್ಧಿ? ಮಗು ಉಳಿಯಿತೇ?”

“ನನ್ನನ್ನೇಕೆ ಕೇಳುತ್ತೀ ಕೊಟ್ರಯ್ಯ, ಫೋನು ನಿನ್ನ ಕೈಯಲ್ಲೇ ಇದೆಯಲ್ಲ.”