ಬೇರು ಹೆಣೆದ ಬಿಲ

ಮರಳುದಿಬ್ಬದಲ್ಲಿ ಇಲಿಗಳ ದೊಡ್ಡ ಕೇರಿಯೊಂದಿತ್ತು. ಅಲ್ಲಿದ್ದ ಮುದಿ ಮುಳ್ಳುಹಂದಿ ವರ್ಷಗಟ್ಟಲೆ ಬಿಲಗಳನ್ನು ಪರೀಕ್ಷಿಸಿ, ಒಳಗೆ ಬೇರು ಹೆಣೆದ ಬಿಲ ಭೂಮಿ ನಡುಗಿದರೂ ಕುಸಿಯುವುದಿಲ್ಲವೆಂದು ಕಂಡುಕೊಂಡಳು. ಕೂಡಲೇ ಕೇರಿಯ ಒಡೆಯ ನರಿರಾಯನ ಬಳಿಗೆ ಓಡಿದಳು.

"ಒಡೆಯರೇ, ಪ್ರತಿ ಬಿಲಕ್ಕೂ ಬೇರು ಹೆಣೆಯಬೇಕೆಂದು ಕಟ್ಟಳೆ ಮಾಡಿ. ದಿಬ್ಬದ ಮಣ್ಣು ಸಡಿಲ."

"ಗಟ್ಟಿಯಾಗಿ ನಿಂತ ನೆಲ ನಡುಗೀತೆಂದು ಪ್ರಜೆಗಳನ್ನು ಹೆದರಿಸಲೇ? ಬಾಯಿ ಮುಚ್ಚಿಕೊಂಡಿರು!" ಎಂದು ನರಿರಾಯ ಗದರಿ ಅಟ್ಟಿದ.

ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಭೂಮಿ ನಡುಗಿತು. ಇಲಿಗಳ ಬಿಲಗಳೆಲ್ಲ ಕುಸಿದವು. ಮುಳ್ಳುಹಂದಿ ಉಗುರು ಕಿತ್ತುಬರುವಂತೆ ಮಣ್ಣು ತೋಡಿದಳು. ಸಿಕ್ಕಿದ್ದು ಇನ್ನೂ ಕಣ್ಣು ಬಿಡದ ಮರಿಗಳ ಹೆಣಗಳು. ಅಷ್ಟರಲ್ಲಿ ನರಿರಾಯ ಮೈ ಕೊಡವಿಕೊಂಡು ತನ್ನ ಬಿಲದಿಂದ ಹೊರಬಂದು, "ವಿಧಿಯ ಮುಂದೆ ಯಾರದೇನು ನಡೆದೀತು!" ಎಂದು ಕಣ್ಣೊರೆಸಿಕೊಂಡ.

ಅವನೊಬ್ಬನ ಬಿಲ ಉಳಿದದ್ದು ಹೇಗೆ? ಮುಳ್ಳುಹಂದಿ ಅವನನ್ನು ಬದಿಗೆ ತಳ್ಳಿ ಒಳಗೆ ಇಣುಕಿದಳು. ಬಿಲದ ತುಂಬ ಆಲದ ಬೇರಿನ ಹೆಣಿಗೆ. ಅವಳ ಮೈಮುಳ್ಳೆಲ್ಲ ಸೆಟೆದು ನಿಂತವು.

"ನನ್ನ ಮಾತನ್ನು ನೀನು ನಂಬಿದ್ದೆ, ನರಿಯೇ! ನಂಬದೆ ಹೋಗಿದ್ದರೆ ಮೂರ್ಖನೆಂದು ಕ್ಷಮಿಸುತ್ತಿದ್ದೆ."

ತಾಯಿ ಇಲಿಗಳು ಅಳು ನಿಲ್ಲಿಸಿ ಅವನ ಸುತ್ತ ನೆರೆದವು. ನರಿರಾಯ ದಾರಿ ಬಿಡಿ ಎಂದ. ಯಾರೂ ಬಿಡಲಿಲ್ಲ.