ಗೇಟಿನ ಸಲಾಮು

ನವಿಲಮ್ಮನವರು ತಮ್ಮ ಬಿಳಿ ಕಾರನ್ನು ತೊಳೆಸಲು ಶೆಡ್ಡಿಗೆ ತಂದರು. ಮುಂಗುಸಿ ಕಾರಿನಡಿ ನುಸುಳಿ, ತನ್ನ ಕಿವಿಯೊಳಗೆಲ್ಲ ಕೆಸರು ತುಂಬುವವರೆಗೆ ಉಜ್ಜಿತು. ಹೊರಡುವಾಗ ಗೇಟಿನಲ್ಲಿದ್ದ ಗಿಳಿ ರೆಕ್ಕೆಯೆತ್ತಿ, "ನಮಸ್ಕಾರ ಮೇಡಂ, ಈ ಕಾರಿಗೆ ನೀವೇ ಶೋಭೆ!" ಎಂದಿತು. ನವಿಲಮ್ಮ ಹಿಗ್ಗಿ, ಗಿಳಿಯ ಕೊಕ್ಕಿಗೆ ಹೊಸ ನೋಟೊಂದನ್ನು ಸಿಕ್ಕಿಸಿದರು.

"ಅಮ್ಮಾ, ತೊಳೆದವನು ನಾನು," ಎಂದಿತು ಮುಂಗುಸಿ.

"ತೊಳೆಯುವುದು ನಿನ್ನ ಕೆಲಸವಪ್ಪಾ. ಭಕ್ಷೀಸು ಕೊಡುವುದು ವಿನಯಕ್ಕೆ," ಎಂದು ನವಿಲಮ್ಮ ಗಾಜು ಏರಿಸಿದರು.

ಮುಂದಿನ ವಾರ ಅವರ ಮಗಳ ನಿಶ್ಚಿತಾರ್ಥ. ಬೆಳಿಗ್ಗೆ ಕೆಸರು ಮೆತ್ತಿದ ಕಾರನ್ನು ಶೆಡ್ಡಿನಲ್ಲಿ ಬಿಟ್ಟುಹೋದ ನವಿಲಮ್ಮ, ಮಧ್ಯಾಹ್ನ ಗರಿ ಬಾಚಿಕೊಂಡು, ಮುಹೂರ್ತಕ್ಕೆ ಅರ್ಧ ಗಂಟೆಯಿರುವಾಗ ಮರಳಿದರು. ಗೇಟಿನಲ್ಲಿ ಗಿಳಿಯ ಪಕ್ಕ ಮುಂಗುಸಿ, ಅದರ ಪಕ್ಕ ನೀರು ಹಾಯಿಸುವ ಕೊಕ್ಕರೆ, ಸಾಲಾಗಿ ನಿಂತು ಸಲಾಮು ಹೊಡೆದವು.

"ಈಗ ನೋಡಿ, ಇದು ಶಿಸ್ತು!" ಎಂದು ನವಿಲಮ್ಮ ಮೂವರಿಗೂ ನೋಟು ಹಂಚಿದರು. ಒಳಗೆ ಹೋಗಿ ನೋಡಿದರೆ, ಕಾರಿನ ಮೇಲಿನ ಕೆಸರು ಒಣಗಿ ಬಿರುಕುಬಿಟ್ಟಿತ್ತು.

"ಇದನ್ನು ಯಾರೂ ತೊಳೆದಿಲ್ಲವೇ?"

"ಒಳಗೆ ಯಾರೂ ಇರಲಿಲ್ಲ ಮೇಡಂ," ಎಂದಿತು ಮುಂಗುಸಿ, ಇನ್ನೊಮ್ಮೆ ಬಾಗಿ. "ಬೆಳಿಗ್ಗೆಯಿಂದ ನಾವೆಲ್ಲ ಗೇಟಿನಲ್ಲೇ ವಿನಯದಿಂದ ನಿಂತಿದ್ದೆವು."